ಹುಲ್ಲುಗಾವಲ ಊರಿನ ಕೋರ್ಟು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಕಾಟನ್‌ವುಡ್ ಫಾಲ್ಸ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿ ಸಾವಿರ ಜನವೂ ಇಲ್ಲ. ಇಟ್ಟಿಗೆ ಹಾಸಿದ ಬ್ರಾಡ್‌ವೇ ಬೀದಿ ಹಿಡಿದು ದಕ್ಷಿಣಕ್ಕೆ ನಡೆದರೆ ದಾರಿಯ ಕೊನೆಯಲ್ಲಿ ಎದುರಾಗುವುದೇ ಚೇಸ್ ಕೌಂಟಿಯ ಕೋರ್ಟು. ಬಿಳಿಚು ಸುಣ್ಣಕಲ್ಲಿನ ಗೋಡೆ, ನೆತ್ತಿಯ ಮೇಲೆ ಗಡಿಯಾರದ ಗೋಪುರ. ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಕಟ್ಟಡ ಯಾಕೆ ಬೇಕಿತ್ತು ಅನಿಸುತ್ತದೆ, ಅಲ್ವಾ?

ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ತಾಲೂಕು ಇದ್ದ ಹಾಗೆ. ಜಮೀನಿನ ಪತ್ರ, ಕಂದಾಯ, ಮದುವೆ ಪರವಾನಗಿ, ವ್ಯಾಜ್ಯ, ಎಲ್ಲಕ್ಕೂ ಜನ ಕೌಂಟಿ ಕೇಂದ್ರಕ್ಕೇ ಬರಬೇಕು. ಆ ಕೇಂದ್ರ ಯಾವ ಊರಿಗೆ ಸಿಗುತ್ತದೋ ಆ ಊರು ಬದುಕಿತು ಅಂತಲೇ ಲೆಕ್ಕ. ರೈಲು ನದಿಯಾಚೆಯ ಸ್ಟ್ರಾಂಗ್ ಸಿಟಿಯ ಪಾಲಾಯಿತು. ಈ ಊರಿಗೆ ಉಳಿದದ್ದು ಕೋರ್ಟು. ಅದನ್ನು ಗಟ್ಟಿಯಾಗಿಯೇ ಕಟ್ಟಿದರು.

ಕೆಲಸ ಶುರುವಾದದ್ದು 1871ರಲ್ಲಿ, ಮುಗಿದದ್ದು 1873ರಲ್ಲಿ. ಖರ್ಚು ಸುಮಾರು 40 ಸಾವಿರ ಡಾಲರ್. ನಕ್ಷೆ ಬರೆದವರು ಜಾನ್ ಹ್ಯಾಸ್ಕೆಲ್. ಟೊಪೀಕಾದ ರಾಜ್ಯ ಶಾಸನಸಭಾ ಭವನದಲ್ಲೂ ಇವರ ಕೈಚಳಕ ಇದೆ. ಕಲ್ಲಿಗೇನೂ ಬರವಿರಲಿಲ್ಲ. ಈ ಫ್ಲಿಂಟ್ ಹಿಲ್ಸ್ ಸೀಮೆಯ ನೆಲದಡಿ ಸುಣ್ಣಕಲ್ಲು, ಚಕಮಕಿ ಕಲ್ಲು ತುಂಬಿಕೊಂಡಿವೆ. ನೇಗಿಲು ಇಳಿಯಲಿಲ್ಲ, ಹಾಗಾಗಿ ಎತ್ತರದ ಹುಲ್ಲು ಇಲ್ಲಿ ಉಳಿಯಿತು, ದನ ಮೇಯಿಸುವುದೇ ಕಸುಬಾಯಿತು.

ಚಾವಣಿ ಮಾತ್ರ ಪ್ಯಾರಿಸ್ಸಿನದು! ನಾಲ್ಕೂ ಕಡೆ ಕಡಿದಾಗಿ ಇಳಿಯುವ ಇದಕ್ಕೆ ಮ್ಯಾನ್ಸಾರ್ಡ್ ಚಾವಣಿ ಅನ್ನುತ್ತಾರೆ. ಇಳಿಜಾರಿನಲ್ಲೇ ಕಿಟಕಿ ಇಟ್ಟು, ಸೂರಿನೊಳಗೆ ಇಡೀ ಒಂದು ಮಹಡಿ ಹೊಂದಿಸಿಕೊಳ್ಳಬಹುದು. ಮೂರನೇ ನೆಪೋಲಿಯನ್ ಕಾಲದಲ್ಲಿ ಫ್ರಾನ್ಸಿನಲ್ಲಿ ಮೆರೆದ ಶೈಲಿ ಇದು. ತಮಾಷೆ ಏನೆಂದರೆ, ಇಲ್ಲಿ ಪಾಯ ತೋಡುವ ಹೊತ್ತಿಗೆ ಆ ಚಕ್ರವರ್ತಿ ಪಟ್ಟ ಕಳೆದುಕೊಂಡಾಗಿತ್ತು. ಫ್ಯಾಷನ್ನು ಹಳ್ಳಿಗೆ ಬರುವುದು ಸ್ವಲ್ಪ ತಡವೇ.

ಒಳಗೆ ನೋಡಲೇಬೇಕಾದದ್ದು ಮೆಟ್ಟಿಲು. ಕಪ್ಪು ವಾಲ್‌ನಟ್ ಮರದ್ದು. ಸುರುಳಿ ಸುತ್ತುತ್ತಾ ಮೂರನೇ ಅಂತಸ್ತಿನವರೆಗೂ ಏರುತ್ತದೆ. ನನಗೆ ಕೇಳಿದರೆ ಹೊರಗಿನ ಗೋಪುರಕ್ಕಿಂತ ಇದೇ ಚೆಂದ. ಹಿಂದೆ ಜೈಲೂ ಇದೇ ಕಟ್ಟಡದಲ್ಲಿತ್ತು. ಕೈದಿ ಕೋರ್ಟಿಗೆ ಬರಲು ಅಂಗಳಕ್ಕೂ ಇಳಿಯಬೇಕಿರಲಿಲ್ಲ.

ಇನ್ನೊಂದು ವಿಷಯವನ್ನೂ ಹೇಳಬೇಕು. ಕ್ಯಾನ್ಸಸ್ ಅನ್ನುವ ಹೆಸರು ಬಂದದ್ದೇ ಕಾನ್ಸಾ, ಅಂದರೆ ಕಾ ಎಂಬ ಮೂಲನಿವಾಸಿ ಜನರಿಂದ. ಪಕ್ಕದ ಕೌಂಟಿಯ ಕೌನ್ಸಿಲ್ ಗ್ರೋವ್ ಬಳಿ ಉಳಿದಿದ್ದ ಅವರನ್ನು ಇದೇ 1873ರಲ್ಲಿ ಒಕ್ಕಲೆಬ್ಬಿಸಿ ಈಗಿನ ಒಕ್ಲಹೋಮಾಕ್ಕೆ ಕಳಿಸಿದರು. ಜಮೀನು ಯಾರದ್ದು ಅಂತ ಬರೆದಿಡುವ ಕಚೇರಿ ಇಲ್ಲಿ ತಯಾರಾದ ವರ್ಷವೇ ಆ ನೆಲದ ಹಳೆಯ ಒಡೆಯರು ಗಂಟುಮೂಟೆ ಕಟ್ಟಿದರು. ಕಟ್ಟಡದ ಚೆಂದ ಹೊಗಳುವವರು ಈ ಮಾತನ್ನು ಜಾಸ್ತಿ ಎತ್ತುವುದಿಲ್ಲ.

ಕ್ಯಾನ್ಸಸ್‌ನಲ್ಲಿ ಇವತ್ತಿಗೂ ಬಳಕೆಯಲ್ಲಿರುವ ಕೋರ್ಟುಗಳಲ್ಲಿ ಇದೇ ಹಳೆಯದು. ಇಡೀ ಕೌಂಟಿಯಲ್ಲಿ ಈಗಿರುವುದು ಸುಮಾರು 2,600 ಜನ. ಅವರ ಜಮೀನಿನ ಪತ್ರ ಈಗಲೂ ಇಲ್ಲೇ ನೋಂದಣಿಯಾಗುತ್ತದೆ.

ನಮಸ್ಕಾರ.