ಜೀವಕೋಶದ ಪೆರಾಕ್ಸೈಡ್ ಹಿಡಿಯೋ ಎಲೆಕ್ಟ್ರೋಡ್

[ಪರದೆ: ಹುಬ್ಬಳ್ಳಿ ಕೊಪ್ಪೀಕರ್ ರಸ್ತೆಯ ಔಷಧಿ ಅಂಗಡಿ, ಕೌಂಟರ್ ಮೇಲೆ ಗ್ಲೂಕೋಮೀಟರ್]

ನಮಸ್ಕಾರ ರೀ. ಶುಗರ್ ನೋಡೋ ಈ ಸ್ಟ್ರಿಪ್ ಮೇಲೆ ಒಂದು ಕಿಣ್ವ ಇರುತ್ತದೆ. ಅದು ರಕ್ತದ ಸಕ್ಕರೆಯಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಮೀಟರ್ ಆ ಕರೆಂಟನ್ನು ಅಳೆಯುತ್ತದೆ. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ತೋರಿಸಿದ ದಾರಿ ಇದು. ಇದೇ ದಾರಿಯಲ್ಲಿ ಜೀವಂತ ಕೋಶದ ಹೈಡ್ರೋಜನ್ ಪೆರಾಕ್ಸೈಡನ್ನೂ ಅಳೆಯಬಹುದು. ಆದರೆ ರಕ್ತದ ಸಕ್ಕರೆ ಮಿಲಿಮೋಲಾರ್ ಲೆಕ್ಕದಲ್ಲಿದ್ದರೆ, ಕೋಶದೊಳಗಿನ ಪೆರಾಕ್ಸೈಡ್ ನ್ಯಾನೊಮೋಲಾರ್ ಲೆಕ್ಕದಲ್ಲಿರುತ್ತದೆ. ಮಿಲಿಗಿಂತ ನ್ಯಾನೊ ಹತ್ತು ಲಕ್ಷ ಪಟ್ಟು ಚಿಕ್ಕದು, ಅಷ್ಟು ಕಡಿಮೆ!

[ಅನಿಮೇಷನ್: ಬ್ಯಾಕ್ಟೀರಿಯಾ ನುಂಗುತ್ತಿರುವ ಬಿಳಿ ರಕ್ತಕಣ]

ಸೂಪರ್‌ಆಕ್ಸೈಡ್, ಪೆರಾಕ್ಸೈಡ್, ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಲ್ಲಾ ಆಮ್ಲಜನಕದಿಂದಲೇ ಹುಟ್ಟುವಂಥವು. ಒಟ್ಟಾಗಿ ಆರ್‌ಒಎಸ್, ಅಂದರೆ ಚುರುಕಾಗಿ ಪ್ರತಿಕ್ರಿಯಿಸೋ ಆಮ್ಲಜನಕದ ರೂಪಗಳು, ಅಂತಾರೆ. ಸುಮ್ನೆ ವಿಷ ಅಂದುಕೊಳ್ಳಬೇಡಿ. ಬ್ಯಾಕ್ಟೀರಿಯಾ ಕೊಲ್ಲೋಕೆ ಬಿಳಿ ರಕ್ತಕಣ ಬೇಕಂತಲೇ ಇವನ್ನು ತಯಾರಿಸುತ್ತದೆ. ಜಾಸ್ತಿಯಾದರೆ ಮಾತ್ರ ಡಿಎನ್‌ಎಗೂ ಪೆಟ್ಟು. ಹೈಡ್ರಾಕ್ಸಿಲ್ ನ್ಯಾನೊಸೆಕೆಂಡುಗಳಲ್ಲಿ ಇಲ್ಲವಾಗುತ್ತದೆ. ಪೆರಾಕ್ಸೈಡ್ ಸ್ವಲ್ಪ ಹೊತ್ತು ಉಳಿಯುತ್ತದೆ, ಕೋಶದ ಪೊರೆ ದಾಟಿ ಹೊರಗೂ ಬರುತ್ತದೆ. ಅದಕ್ಕೇ ಎಷ್ಟೋ ಸೆನ್ಸರ್‌ಗಳು ಅದರ ಬೆನ್ನು ಹತ್ತಿವೆ.

[ಪರದೆ: ಎಲೆಕ್ಟ್ರೋಡ್‌ನ ಚಿತ್ರ]

ಪೆರಾಕ್ಸೈಡ್ ಅಳೆಯೋಕೆ ಎಲೆಕ್ಟ್ರೋಡ್ ಆಗಿ, ಅಂದರೆ ಕರೆಂಟ್ ಹಿಡಿಯೋ ತುದಿಯಾಗಿ, ಬರೀ ಪ್ಲಾಟಿನಮ್ ತಂತಿ ಸಾಲದೇ? ಸುಮಾರು 0.6 ವೋಲ್ಟ್ ಕೊಟ್ಟರೆ ಪೆರಾಕ್ಸೈಡ್ ಅದರ ಮೇಲೂ ಎಲೆಕ್ಟ್ರಾನ್ ಬಿಡುತ್ತದೆ. ಆದರೆ ಅಷ್ಟು ವೋಲ್ಟೇಜಿಗೆ ವಿಟಮಿನ್ ಸಿ, ಯೂರಿಕ್ ಆಮ್ಲವೂ ಬಿಡುತ್ತವೆ! ಬಂದ ಕರೆಂಟ್ ಯಾರದ್ದು ಅಂತ ಹೇಳೋದು ಹೇಗೆ?

ಎಲೆಕ್ಟ್ರೋಡ್ ಮೇಲೆ ಹಾರ್ಸ್‌ರ‍್ಯಾಡಿಷ್ ಪೆರಾಕ್ಸಿಡೇಸ್ ಅನ್ನೋ ಕಿಣ್ವ ಕೂರಿಸುತ್ತಾರೆ. ಹಾರ್ಸ್‌ರ‍್ಯಾಡಿಷ್ ಸಾಸಿವೆ ಕುಟುಂಬದ್ದು, ನಮ್ಮ ದುರ್ಗದ ಬೈಲಿನಲ್ಲಿ ಸಿಗೋ ಮೂಲಂಗಿಯೂ ಅದೇ ಕುಟುಂಬ. ಈ ಕಿಣ್ವದ ನಡುವೆ ಹೀಮ್ ಅನ್ನೋ ಚಿಕ್ಕ ಅಣು ಇದೆ, ಅದರಲ್ಲಿ ಕಬ್ಬಿಣ. ಆ ಕಬ್ಬಿಣ ಪೆರಾಕ್ಸೈಡಿಗೆ ಎಲೆಕ್ಟ್ರಾನ್ ಕೊಟ್ಟು ನೀರಾಗಿಸುತ್ತದೆ. ಕೊಟ್ಟದ್ದನ್ನು ಎಲೆಕ್ಟ್ರೋಡ್‌ನಿಂದ ವಸೂಲಿ ಮಾಡುತ್ತದೆ. ಇದೆಲ್ಲ ಸೊನ್ನೆ ವೋಲ್ಟ್ ಆಸುಪಾಸಿನಲ್ಲೇ ನಡೆಯುವುದರಿಂದ ವಿಟಮಿನ್ ಸಿ ಕಾಟ ಬಹಳ ಕಡಿಮೆ. ಸೂಪರ್‌ಆಕ್ಸೈಡ್ ಅಳೆಯಬೇಕಿದ್ದರೆ ಸೈಟೋಕ್ರೋಮ್ ಸಿ ಪ್ರೋಟೀನ್ ಬಳಸುತ್ತಾರೆ.

ಒಂದು ತೊಡಕಿದೆ. ಹೀಮ್ ಇರೋದು ಪ್ರೋಟೀನಿನ ಒಳಗೆ. ಎಲೆಕ್ಟ್ರಾನ್ ಅಲ್ಲಿಗೆ ತಲುಪೋದು ಕಷ್ಟ. ಚಿನ್ನದ ನ್ಯಾನೊಕಣ, ಕಾರ್ಬನ್ ನ್ಯಾನೊಟ್ಯೂಬ್ ಹಾಕೋದು ಇದಕ್ಕೇ. ಕಿಣ್ವವೂ ಪ್ರೋಟೀನ್ ತಾನೇ, ಬಿಸಿಗೆ ಕೆಡುತ್ತದೆ. ಏಪ್ರಿಲ್‌ನ ಗದಗಿನಲ್ಲಿ ಫ್ರಿಜ್ ಇಲ್ಲದೆ ಇಡೋ ಮಾತೇ ಇಲ್ಲ.

ಧಾರವಾಡದಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಓದುವವರು ಇಂಥ ಸೆನ್ಸರ್ ಬಗ್ಗೆ ಸಂಶೋಧನಾ ಪೇಪರ್ ತೆರೆದರೆ ಮೊದಲು ಒಂದು ಗ್ರಾಫ್ ಹುಡುಕಿ. ಕ್ಯಾಟಲೇಸ್ ಕಿಣ್ವ ಪೆರಾಕ್ಸೈಡನ್ನು ಒಡೆದುಹಾಕುತ್ತದೆ. ಅದನ್ನು ಹಾಕಿದ ಮೇಲೆ ಕರೆಂಟ್ ಇಳಿಯಿತೋ ಇಲ್ಲವೋ ನೋಡಿ. ಇಳಿಯದಿದ್ದರೆ ಅವರು ಅಳೆದದ್ದು ಪೆರಾಕ್ಸೈಡ್ ಅಂತ ನಾನಂತೂ ಒಪ್ಪಲ್ಲ.