ಡಜನ್ನಿನ ಕೊನೆಯ ಮೂರು ಪೀಸು

ಎಲ್ಲರಿಗೂ ನಮಸ್ಕಾರ. ಅಂಗಡಿ ತೆರೆಯುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನಡೆಯುತ್ತಿರುವ ಅಂಗಡಿಯಲ್ಲಿ ದುಡ್ಡು ಎಲ್ಲಿ ಹೋಗಿ ಕೂರುತ್ತದೆ, ಮುಚ್ಚುವ ಹೊತ್ತು ಬಂದರೆ ಅದನ್ನು ಹೇಗೆ ಬಿಡಿಸಿಕೊಳ್ಳಬೇಕು ಎಂದು ಹೇಳುವವರು ಕಡಿಮೆ. ಇವತ್ತು ಅದನ್ನೇ ಮಾತಾಡೋಣ.

ಒಂದು ಡಜನ್ ಅಂಗಿ ತಗೊಳ್ಳಿ. ಒಂದೊಂದು 75ಕ್ಕೆ ಬಂತು, 100ಕ್ಕೆ ಮಾರುತ್ತೀರಿ. ಹಾಕಿದ ದುಡ್ಡು 900. ಒಂಬತ್ತು ಅಂಗಿ ಹೋದಾಗ 900 ವಾಪಸ್ ಬಂತು; ಅಲ್ಲಿಗೆ ಕೈಸೇರಿದ್ದು ಅಸಲು ಮಾತ್ರ. ಬಾಡಿಗೆ, ಕರೆಂಟು, ಸಂಬಳ, ನಿಮ್ಮ ಮನೆಖರ್ಚು ಎಲ್ಲವೂ ಉಳಿದ ಮೂರು ಅಂಗಿಯಿಂದಲೇ ಹುಟ್ಟಬೇಕು. ಆ ಮೂರು ಯಾವುವು? ನಡುವಿನ ಅಳತೆಗಳು ಮೊದಲೇ ಖಾಲಿಯಾಗಿರುತ್ತವೆ. ತೀರಾ ಚಿಕ್ಕದೊಂದು, ತೀರಾ ದೊಡ್ಡದೊಂದು, ಯಾರೂ ಕೈಗೆತ್ತಿಕೊಳ್ಳದ ಬಣ್ಣದ್ದೊಂದು ಪೆಟ್ಟಿಗೆಯ ತಳದಲ್ಲಿ ಉಳಿಯುತ್ತವೆ.

ಅಷ್ಟರಲ್ಲಿ ನಡುವಿನ ಅಳತೆ ಕೇಳಿಕೊಂಡು ಗಿರಾಕಿಗಳು ಬರುತ್ತಾರೆ. ಸಗಟು ವ್ಯಾಪಾರಿ ಬಿಡಿಬಿಡಿಯಾಗಿ ಕೊಡುವುದಿಲ್ಲ, ಇನ್ನೊಂದು ಡಜನ್ ತರಿಸುತ್ತೀರಿ. ಹೀಗೆ ಹತ್ತು ಡಜನ್ ಆಯಿತು ಎನ್ನಿ. ತರಿಸಲು 9,000 ಹೋಯಿತು, 90 ಅಂಗಿ ಮಾರಿ 9,000 ಬಂತು. ಪುಸ್ತಕ 2,250 ಲಾಭ ತೋರಿಸುತ್ತದೆ. ಗಲ್ಲಾದಲ್ಲಿ ಹುಡುಕಿದರೆ ಒಂದು ಬಿಡಿಗಾಸೂ ಇಲ್ಲ. ಆ 2,250 ಅಷ್ಟೂ 30 ಅಂಗಿಯಾಗಿ ರ್ಯಾಕಿನಲ್ಲಿ ಕೂತಿದೆ. ವ್ಯಾಪಾರ ಚೆನ್ನಾಗಿದೆ ಎನ್ನಿಸುವಾಗಲೇ ಬಾಡಿಗೆಗೆ ಸಾಲ ಮಾಡಬೇಕಾಗಿ ಬರುವುದು ಇದರಿಂದ.

ಇದಕ್ಕೆ ಮದ್ದು ಮಾಲು ತರುವಾಗಲೇ ಇದೆ. ದರದಲ್ಲಿ ಒಂದೆರಡು ಇಳಿಸಿಕೊಳ್ಳಲು ಚೌಕಾಸಿ ಮಾಡುವುದಕ್ಕಿಂತ, ಯಾವ ಅಳತೆ ಎಷ್ಟು ಬೇಕು ಎಂಬುದಕ್ಕೆ ಹಠ ಹಿಡಿಯಿರಿ. ಎರಡು ಹೆಚ್ಚು ಕೊಟ್ಟಾದರೂ ಬೇಕಾದ ಅಳತೆಗಳನ್ನೇ ತರಿಸಿದರೆ ಅದು ಲಾಭವೇ. ಆಮೇಲೆ ಪ್ರತಿ ಚೀಟಿಯ ಮೇಲೆ ಮಾಲು ಬಂದ ತಿಂಗಳನ್ನು ಪೆನ್ಸಿಲಿನಲ್ಲಿ ಬರೆಯಿರಿ. ತಿಂಗಳ ಕೊನೆಗೆ ರ್ಯಾಕಿನ ಮುಂದೆ ನಿಂತು ಆ ಗುರುತು ಓದಿ. 60 ದಿನ ದಾಟಿದ್ದು ಕಣ್ಣಿಗೆ ಬೀಳುವ ಎತ್ತರಕ್ಕೆ ಬರಲಿ. 90 ದಾಟಿದ್ದನ್ನು ಅಸಲಿಗೆ ಬಿಟ್ಟುಬಿಡಿ. ‘ಬಂದಾಗ ಹೋಗುತ್ತೆ’ ಎಂದು ಕಾದಷ್ಟೂ ಬಣ್ಣ ಮಾಸುತ್ತದೆ, ಮಡಿಕೆಯ ಗೆರೆ ಕೂರುತ್ತದೆ, ಕೊನೆಗೆ ಅಸಲೂ ಹುಟ್ಟುವುದಿಲ್ಲ.

ರಿಯಾಯಿತಿಯನ್ನು ಎಲ್ಲ ಮಾಲಿಗೂ ಹಚ್ಚಬೇಡಿ. 100ರ ಅಂಗಿಯನ್ನು 90ಕ್ಕೆ ಕೊಟ್ಟರೆ ಬೆಲೆ ಇಳಿದದ್ದು ನೂರಕ್ಕೆ 10, ನಿಮ್ಮ ಪಾಲು 25ರಿಂದ 15ಕ್ಕೆ ಇಳಿಯಿತು. ಮೊದಲು 100 ಅಂಗಿಯಲ್ಲಿ ಬರುತ್ತಿದ್ದುದಕ್ಕೆ ಈಗ 167 ಮಾರಬೇಕು. ಉದ್ರಿಯ ಲೆಕ್ಕವೂ ಇಂಥದ್ದೇ: ವಸೂಲಾಗದ ಒಂದು ಅಂಗಿಯ ಅಸಲು ತುಂಬಿಕೊಳ್ಳಲು ಇನ್ನೂ ಮೂರು ಅಂಗಿ ಮಾರಬೇಕು. ಕಳುವಾದರೂ ಅಷ್ಟೇ.

ಈಗ ಅಂಗಡಿಯ ಆಯುಸ್ಸಿನ ಲೆಕ್ಕ. ಮಾರಲಿ ಬಿಡಲಿ ತಿಂಗಳಿಗೆ 30,000 ಖರ್ಚಿದ್ದರೆ, ನೂರಕ್ಕೆ 25 ಉಳಿಯುವ ವ್ಯಾಪಾರದಲ್ಲಿ 1,20,000 ಮಾರಬೇಕು. 26 ದಿನ ಬಾಗಿಲು ತೆರೆದರೆ ದಿನಕ್ಕೆ ಸುಮಾರು 4,615. ಆ 30,000ದಲ್ಲಿ ನಿಮ್ಮ ದುಡಿಮೆಯ ಸಂಬಳ ಸೇರಿರಲೇಬೇಕು. ಸ್ವಂತ ಕಟ್ಟಡವಾದರೆ ಬೇರೆಯವರಿಗೆ ಕೊಟ್ಟಿದ್ದರೆ ಬರುತ್ತಿದ್ದ ಬಾಡಿಗೆಯೂ ಸೇರಬೇಕು. ಅವೆರಡನ್ನು ಬಿಟ್ಟು ಲಾಭ ಎಂದು ಬರೆಯುತ್ತಾ ವರ್ಷಗಟ್ಟಲೆ ಸವೆದವರನ್ನು ನೋಡಿದರೆ ಸಂಕಟವಾಗುತ್ತದೆ.

ಮುಚ್ಚುವುದಕ್ಕೂ ದುಡ್ಡು ಬೇಕು, ಇದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಕರಾರಿನ ಪ್ರಕಾರ ಮುಂಚಿತ ಸೂಚನೆ ಕೊಟ್ಟ ಮೇಲಿನ ಬಾಡಿಗೆ, ಕೆಲಸದವರ ಬಾಕಿ, ಮಾಲು ಕೊಟ್ಟವರ ಬಾಕಿ, ಗಿರಾಕಿಗಳಿಂದ ಪಡೆದ ಮುಂಗಡ, ಗೋಡೆ–ಬಾಗಿಲ ರಿಪೇರಿ, ಕೊನೆಯ ತೆರಿಗೆ ಇವನ್ನು ಕೂಡಿಸಿ ಒಂದು ಹಾಳೆಯಲ್ಲಿ ಬರೆದಿಡಿ. ಬ್ಯಾಂಕಿನಲ್ಲಿರುವುದು ಆ ಮೊತ್ತದ ಹತ್ತಿರಕ್ಕೆ ಇಳಿದು, ವ್ಯಾಪಾರ ಮೂರು ತಿಂಗಳು ಖರ್ಚಿಗೆ ಸಾಲದೆ ಹೋದರೆ ತೀರ್ಮಾನ ಮಾಡಿ. ಅದರ ಕೆಳಗೆ ಜಾರಿದರೆ ಮುಚ್ಚಿದ ಮೇಲೂ ಸಾಲ ನಿಮ್ಮ ಬೆನ್ನು ಬಿಡುವುದಿಲ್ಲ.

ತೀರ್ಮಾನವಾದ ದಿನವೇ ಹೊಸ ಮಾಲು ತರಿಸುವುದು ನಿಲ್ಲಲಿ. ಬೋರ್ಡು ಹಾಕುವ ಮೊದಲು ಉದ್ರಿ ವಸೂಲು ಮಾಡಿ. ನಾಳೆ ಇರದ ಅಂಗಡಿಯ ಬಾಕಿ ತೀರಿಸಲು ಯಾರಿಗೂ ಅವಸರವಿರುವುದಿಲ್ಲ. ವಾಪಸ್ ತೆಗೆದುಕೊಳ್ಳುವ ಸಗಟುದಾರರಿಗೆ ಒಡೆಯದ ಪೆಟ್ಟಿಗೆಗಳನ್ನು ಕೊಟ್ಟು ಬಾಕಿಗೆ ಮುರಿಸಿಕೊಳ್ಳಿ. ಕೆಲಸದವರಿಗೆ ಸುದ್ದಿ ನಿಮ್ಮ ಬಾಯಿಂದಲೇ, ಗಿರಾಕಿಗಳಿಗಿಂತ ಮೊದಲೇ ತಿಳಿಯಬೇಕು. ಅವರ ಲೆಕ್ಕವೂ ಮೊದಲು ಚುಕ್ತಾ ಆಗಬೇಕು.

ಮಾರಾಟಕ್ಕೆ ಆರರಿಂದ ಎಂಟು ವಾರ ಇಟ್ಟುಕೊಳ್ಳಿ. ಮೊದಲು ನೂರಕ್ಕೆ 20 ಇಳಿಸಿ, ನಂತರ 40, ಕೊನೆಗೆ 60. ಮೊದಲ ದಿನವೇ 50 ಎಂದರೆ ಹೇಗಿದ್ದರೂ ಹೋಗುತ್ತಿದ್ದ ಒಳ್ಳೆಯ ಮಾಲೆಲ್ಲ ಅರ್ಧ ಬೆಲೆಗೆ ಖಾಲಿಯಾಗಿ, ಆ 30 ಅಂಗಿಗಳು ಹಾಗೇ ಉಳಿಯುತ್ತವೆ. ರ್ಯಾಕು ಬರಿದಾದಂತೆ ಅದನ್ನೂ ಚೀಟಿ ಅಂಟಿಸಿ ಮಾರಿ, ಉಳಿದ ಮಾಲನ್ನು ಬಾಗಿಲ ಹತ್ತಿರಕ್ಕೆ ಒತ್ತಾಗಿ ಜೋಡಿಸಿ. ಅರೆಬರೆ ರ್ಯಾಕಿನಲ್ಲಿ ಒಳ್ಳೆಯ ಅಂಗಿಯೂ ಕಸದಂತೆ ಕಾಣುತ್ತದೆ.

ಕೊನೆಯ ವಾರಗಳಲ್ಲಿ ‘ಇಷ್ಟಕ್ಕೆ ತಂದಿದ್ದೆ’ ಎಂಬ ಲೆಕ್ಕ ಬಿಟ್ಟುಬಿಡಿ. ಉಳಿದದ್ದನ್ನು ಒಟ್ಟಿಗೆ ಕೊಳ್ಳುವವರು ಇವತ್ತು 12,000 ಕೊಡುತ್ತೇನೆ, ಮುಂದಿನ ವಾರವಾದರೆ 8,000 ಎಂದರು ಎನ್ನಿ. ಇನ್ನೊಂದು ವಾರ ಬಾಗಿಲು ತೆರೆದಿಡಲು ಸುಮಾರು 7,000 ಖರ್ಚು. ಆ ವಾರದ ಮಾರಾಟ 11,000 ದಾಟುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಇವತ್ತೇ ಕೊಟ್ಟುಬಿಡಿ. ಬಾಡಿಗೆ ತಿಂಗಳ ಕೊನೆವರೆಗೆ ಹೇಗಿದ್ದರೂ ಕೊಡಲೇಬೇಕಾಗಿದ್ದರೆ ಮಾತ್ರ ಅದನ್ನು ಆ 7,000ದಿಂದ ತೆಗೆದು ಲೆಕ್ಕ ಹಾಕಿ.

ವಿಮೆ ಕೀಲಿಕೈ ಒಪ್ಪಿಸುವ ದಿನದವರೆಗೂ ಜಾರಿಯಲ್ಲಿರಲಿ. ಕೊನೆಯ ಚೆಕ್ಕು ಪಾಸಾಗಿ, ಕಾರ್ಡ್ ಮೆಷಿನ್ನಿನ ದುಡ್ಡು ಜಮೆಯಾಗುವವರೆಗೆ ಬ್ಯಾಂಕ್ ಖಾತೆ ಮುಚ್ಚಬೇಡಿ. ಖಾತೆ ಪುಸ್ತಕಗಳನ್ನು ತೆರಿಗೆ ನಿಯಮ ಹೇಳುವಷ್ಟು ವರ್ಷ ಜೋಪಾನವಾಗಿಡಿ. ಮಾಲೀಕರ ಎದುರೇ ಕರೆಂಟ್ ಮೀಟರಿನ ಅಂಕಿಯ ಫೋಟೊ ತೆಗೆದು, ಖಾಲಿ ಗೋಡೆ, ನೆಲದ ಫೋಟೊವನ್ನೂ ತೆಗೆದುಕೊಳ್ಳಿ. ಕೀಲಿಕೈ ಪಡೆದದ್ದಕ್ಕೆ ತಾರೀಖು ಹಾಕಿಸಿ ಸಹಿ ಮಾಡಿಸಿಕೊಳ್ಳಿ. ನಿಮ್ಮ ಠೇವಣಿ ವಾಪಸ್ ಕೇಳಲು ಕೈಯಲ್ಲಿರುವ ಆಧಾರ ಆ ಕಾಗದವೇ.