ಒಂದು ಪ್ಯಾಕೆಟ್ ಹೋದರೆ ಏನಾಯ್ತು?

ಎಲ್ಲರಿಗೂ ನಮಸ್ಕಾರ. ನನಗಿಂತ ಮೊದಲು ಮಾತಾಡಿದವರು "ನಮ್ಮ ಲಿಂಕಿನಲ್ಲಿ ಲಾಸ್ ಶೇ. 0.01ಕ್ಕಿಂತ ಕಡಿಮೆ" ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದಿರಿ. ಡೇಟಾವನ್ನು ಚೂರು ಚೂರಾಗಿ, ಅಂದರೆ ಪ್ಯಾಕೆಟ್ಟುಗಳಾಗಿ ಕಳಿಸುತ್ತೇವೆ; ಅದರಲ್ಲಿ ದಾರಿಯಲ್ಲಿ ಕಳೆದುಹೋಗುವ ಪಾಲೇ ಲಾಸ್. ನನಗೆ ತಟ್ಟೋಕೆ ಆಗಲಿಲ್ಲ. ಯಾವ ಕೆಲಸಕ್ಕೆ ಕಡಿಮೆ? ಎಷ್ಟು ದೂರಕ್ಕೆ ಕಡಿಮೆ? ಈ ಎರಡು ಗೊತ್ತಾಗದೆ ಆ ಅಂಕಿಯನ್ನು ನಾನು ಒಪ್ಪುವುದಿಲ್ಲ.

ಫೋನ್ ಮಾತನ್ನೇ ತಗೊಳ್ಳಿ. ಇಂಟರ್ನೆಟ್ ಕಾಲ್‌ನಲ್ಲಿ ಒಂದು ಪ್ಯಾಕೆಟ್ ಅಂದರೆ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಮಾತು. ನೂರಕ್ಕೆ ಒಂದು ಹೋದರೂ ಕಿವಿಗೆ ತಿಳಿಯೋದು ಕಷ್ಟ. ಮತ್ತೆ ಕಳಿಸಿದರೆ ಅದು ಬರುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಬಿಟ್ಟುಬಿಡುವುದೇ ಸರಿ.

ಫೈಲ್ ಹಾಗಲ್ಲ. ಒಂದು ರಾತ್ರಿ ಬೆಂಗಳೂರಿನಿಂದ ಅಮೆರಿಕಕ್ಕೆ ಬ್ಯಾಕಪ್ ಕಳಿಸುತ್ತಿದ್ದೆವು. ಲಿಂಕ್ 10 ಗಿಗಾಬಿಟ್, ಕಾಪಿ ಮಾತ್ರ ಆಮೆ ನಡಿಗೆ. ಆ ಕಡೆ ತಲುಪುತ್ತಾ ಎಂದು ನೋಡುವ ಸಣ್ಣ ಪ್ಯಾಕೆಟ್, ಅಂದರೆ ಪಿಂಗ್, ನೂರು ಹಾಕಿದೆ, ನೂರೂ ವಾಪಸ್ ಬಂದವು. "ಲಿಂಕ್ ಚೆನ್ನಾಗಿದೆ ಸಾರ್, ಸರ್ವರ್ ನೋಡಿ" ಅಂದರು ಲಿಂಕಿನವರು. ಮೂರು ಗಂಟೆ ಸರ್ವರನ್ನೇ ಜಾಲಾಡಿದೆವು. ಆಮೇಲೆ ನಮ್ಮ ಹುಡುಗನೊಬ್ಬ ಸ್ವಿಚ್ ಪೋರ್ಟಿನ ಸಿಆರ್‌ಸಿ ಕೌಂಟರ್, ಅಂದರೆ ಕೆಟ್ಟು ಬಂದ ಪ್ಯಾಕೆಟ್ಟುಗಳ ಎಣಿಕೆ, ನೋಡಿ, "ಸಾರ್, ಇದು ಏರ್ತಾ ಇದೆ" ಎಂದ. ನಿಮಿಷಕ್ಕೆ ಎರಡೋ ಮೂರೋ, ಅಷ್ಟೇ. ಪೋರ್ಟಿಗೆ ಸಿಕ್ಕಿಸಿದ್ದ ಗಿಡ್ಡ ಫೈಬರ್ ಕೇಬಲ್, ಅಂದರೆ ಪ್ಯಾಚ್ ಕಾರ್ಡ್, ಕಿತ್ತು ಮೈಕ್ರೋಸ್ಕೋಪಿಗೆ ಹಿಡಿದೆವು. ಬೆಳಕು ಹರಿಯುವ ಕೋರಿನ ಮೇಲೇ ಬೆರಳಿನ ಜಿಡ್ಡು! ಸಿಂಗಲ್ ಮೋಡ್ ಫೈಬರಿನ ಕೋರ್ ಸುಮಾರು 9 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಕ್ಲೀನರ್ ಪೆನ್ನನ್ನು ಒಂದು ಸಲ ಟಿಕ್ ಅನ್ನಿಸಿದ. ಕೌಂಟರ್ ನಿಂತಿತು.

ಅಮೆರಿಕದ ಇಎಸ್‌ನೆಟ್ ವಿಜ್ಞಾನಿಗಳಿಗಾಗಿಯೇ ಇರುವ ಜಾಲ. ಅಲ್ಲಿ ರೂಟರಿನಲ್ಲಿ ಕೇಬಲ್ ಸಿಕ್ಕಿಸುವ ಬೋರ್ಡ್, ಅಂದರೆ ಲೈನ್ ಕಾರ್ಡ್, ಕೆಟ್ಟು 22,000 ಪ್ಯಾಕೆಟ್ಟಿಗೆ ಒಂದನ್ನು ಬೀಳಿಸುತ್ತಿತ್ತು. ಅಂದರೆ ಶೇ. 0.0046. ನೀವು ಚಪ್ಪಾಳೆ ತಟ್ಟಿದ ಅಂಕಿಗಿಂತ ಕಡಿಮೆ, ಅಲ್ವಾ? ಈಗ ಲೆಕ್ಕ ಹಾಕಿ. ಫೈಲ್ ಕಳಿಸುವಾಗ ವೇಗ ನಿರ್ಧರಿಸುವ ಹಳೆಯ ಪದ್ಧತಿ ಟಿಸಿಪಿ ರೀನೋ, ಒಂದು ಪ್ಯಾಕೆಟ್ ಹೋದರೆ ದಾರಿಯಲ್ಲಿ ನೂಕುನುಗ್ಗಲು ಅಂದುಕೊಂಡು ವೇಗ ಅರ್ಧ ಮಾಡುತ್ತದೆ. ಆಮೇಲೆ ಒಂದೊಂದು ಹೋಗಿಬರುವಿಕೆಗೂ ಒಂದೊಂದೇ ಪ್ಯಾಕೆಟ್ ಜಾಸ್ತಿ ಮಾಡುತ್ತಾ ಮೇಲೇರಬೇಕು. ಹೋಗಿಬರಲು 1 ಮಿಲಿಸೆಕೆಂಡ್ ಆದರೆ ಇದೇ ಲಾಸಿನಲ್ಲಿ 2 ಗಿಗಾಬಿಟ್ ಹತ್ತಿರ ಸಿಗುತ್ತದೆ. 200 ಮಿಲಿಸೆಕೆಂಡ್ ಆದರೆ ಸುಮಾರು 10 ಮೆಗಾಬಿಟ್. ಲಾಸ್ ಅದೇ, ದೂರ ಬೇರೆ. 100 ಮಿಲಿಸೆಕೆಂಡ್ ದಾರಿಯಲ್ಲಿ ರೀನೋ 10 ಗಿಗಾಬಿಟ್ ಹಿಡಿದಿಡಬೇಕಾದರೆ 500 ಕೋಟಿ ಪ್ಯಾಕೆಟ್ಟಿಗೆ ಒಂದಕ್ಕಿಂತ ಜಾಸ್ತಿ ಬೀಳಬಾರದು. ಕ್ಯೂಬಿಕ್, ಬಿಬಿಆರ್ ಅನ್ನೋ ಹೊಸ ಪದ್ಧತಿಗಳು ಬಂದಿದ್ದು ಸುಮ್ನೆ ಅಲ್ಲ.

ಚೀಟಿ ಬಂತು, ಎರಡೇ ನಿಮಿಷ. ಮತ್ತೆ ಕಳಿಸದೆ ತಪ್ಪನ್ನು ಅಲ್ಲೇ ಸರಿಮಾಡುವ ಎಫ್‌ಇಸಿ ವಿಷಯ ಪೂರ್ತಿ ಹೇಳಲು ಆಗಲ್ಲ. 400 ಗಿಗಾಬಿಟ್ ಈಥರ್ನೆಟ್ಟಿನಲ್ಲಿ ಬಿಟ್‌ಗಳು ತಪ್ಪುತ್ತಲೇ ಇರುತ್ತವೆ. 544 ಸಿಂಬಲ್ಲುಗಳ, ಅಂದರೆ ಬಿಟ್‌ಗಳ ಗುಂಪುಗಳ, ಒಂದೊಂದು ಕಂತಿನಲ್ಲಿ 15 ತಪ್ಪಿದರೂ ರೀಡ್-ಸೊಲೊಮನ್ ಕೋಡ್ ಸರಿಮಾಡುತ್ತದೆ. 4ಜಿಯಲ್ಲಂತೂ ಮೊದಲ ಸಲ ಕಳಿಸಿದ ಬ್ಲಾಕುಗಳಲ್ಲಿ ಹತ್ತಕ್ಕೆ ಒಂದು ಕೆಡಲಿ ಎಂದೇ ಸಾಮಾನ್ಯವಾಗಿ ಗುರಿ ಇಡುತ್ತಾರೆ. ಟವರ್ ಹತ್ತಿರದಲ್ಲೇ ಇದೆ, ಕೆಲವು ಮಿಲಿಸೆಕೆಂಡಿನಲ್ಲಿ ಮತ್ತೆ ಕಳಿಸಬಹುದು. ಅಲ್ಲೂ ಅದೇ ನೋಡಿ, ಎಷ್ಟು ದೂರಕ್ಕೆ?

ಮೈಕ್ರೋಸ್ಕೋಪ್ ತಂದಿದ್ದೇನೆ, ಆ ಮೇಜಿನ ಮೇಲಿದೆ. ಬ್ಯಾಗಿನಲ್ಲಿ ಪ್ಯಾಚ್ ಕಾರ್ಡ್ ಇದ್ದವರು ಟೀ ಹೊತ್ತಿಗೆ ಬನ್ನಿ, ಒಂದೊಂದಾಗಿ ಹಿಡಿದು ನೋಡೋಣ.